ಹಾಡಿನ ಜಾಗದಲ್ಲಿ ಎರಡು ನಿಮಿಷ ಮೌನ: ಕ್ರ್ಯಾಸ್ ರೆಕಾರ್ಡುಗಳ ಹಿನ್ನೆಲೆ

ಇಂಗ್ಲೆಂಡಿನ ಪಂಕ್ (ಒರಟು, ಬಂಡಾಯದ ರಾಕ್ ಸಂಗೀತ) ಬ್ಯಾಂಡ್ ಕ್ರ್ಯಾಸ್‌ನ ಮೊದಲ ರೆಕಾರ್ಡ್ ಶುರುವಾಗುವುದೇ ಎರಡು ನಿಮಿಷದ ಮೌನದಿಂದ. 1978ರಲ್ಲಿ 'ದ ಫೀಡಿಂಗ್ ಆಫ್ ದ ಫೈವ್ ಥೌಸಂಡ್' ಅಚ್ಚಿಗೆ ಹೋದಾಗ, ಮೊದಲ ಹಾಡು 'ಅಸೈಲಮ್' ಕ್ರಿಸ್ತನ ನಿಂದನೆ ಮಾಡುತ್ತದೆ, ನಾವು ಮಾಡಲ್ಲ ಅಂತ ರೆಕಾರ್ಡ್ ಅಚ್ಚು ಹಾಕುವ ಐರ್ಲೆಂಡಿನ ಕಾರ್ಖಾನೆಯ ಕೆಲಸಗಾರರು ಕೂತುಬಿಟ್ಟರು. ಬ್ಯಾಂಡ್ ಹಾಡು ತೆಗೆಯಿತು, ಜಾಗ ಮಾತ್ರ ಹಾಗೇ ಖಾಲಿ ಬಿಟ್ಟಿತು. ಆ ಖಾಲಿ ಜಾಗಕ್ಕೆ 'ದ ಸೌಂಡ್ ಆಫ್ ಫ್ರೀ ಸ್ಪೀಚ್' ಅಂತ ಹೆಸರಿಟ್ಟಿತು.

ಮುಂದಿನ ಆರು ವರ್ಷ ನಡೆದಿದ್ದೂ ಹೆಚ್ಚುಕಡಿಮೆ ಹೀಗೇ. ಯಾರೋ ಅಡ್ಡ ಬರುತ್ತಿದ್ದರು, ಆ ಅಡ್ಡಿಯೇ ಮುಂದಿನ ರೆಕಾರ್ಡ್ ಆಗುತ್ತಿತ್ತು.

ಡ್ರಮ್ಮರ್ ಪೆನ್ನಿ ರಿಂಬೋ ಮತ್ತು ಹಾಡುಗಾರ ಸ್ಟೀವ್ ಇಗ್ನೊರಂಟ್ 1977ರಲ್ಲಿ ಬ್ಯಾಂಡ್ ಶುರು ಮಾಡಿದ್ದು ಎಸೆಕ್ಸ್‌ನ ಡಯಲ್ ಹೌಸ್‌ನಲ್ಲಿ. ಯಾರು ಬೇಕಾದರೂ ಬಂದು ಇರಬಹುದಾದ ಮನೆ ಅದು. ಅದೇ ವರ್ಷ ದ ಕ್ಲ್ಯಾಶ್ ಅನ್ನೋ ಇನ್ನೊಂದು ಪಂಕ್ ಬ್ಯಾಂಡ್ ಒಂದು ಲಕ್ಷ ಪೌಂಡಿಗೆ ಸಿಬಿಎಸ್ ಅನ್ನೋ ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಬಂಡಾಯವನ್ನೂ ಕಂಪನಿಗಳು ಸರಕು ಮಾಡಿ ಮಾರುತ್ತಿವೆ ಅನ್ನೋ ಸಿಟ್ಟು ಕ್ರ್ಯಾಸ್‌ಗೆ ಜಾಸ್ತಿ ಇತ್ತು. ಹಾಡಿನಲ್ಲಿ ಬೈದು ಸುಮ್ನೆ ಕೂರಲಿಲ್ಲ, ತಮ್ಮದೇ ಲೇಬಲ್ (ರೆಕಾರ್ಡ್ ಹೊರತರುವ ಸಂಸ್ಥೆ) ತೆಗೆದರು.

ಕಾರ್ಖಾನೆ ಬೇಡ ಅಂದ ಹಾಡನ್ನೇ ಹೊಸದಾಗಿ ರೆಕಾರ್ಡ್ ಮಾಡಿ 1979ರಲ್ಲಿ 'ರಿಯಾಲಿಟಿ ಅಸೈಲಮ್' ಅಂತ ಹೊರತಂದರು. ಬೇರೆ ಸಿಂಗಲ್‌ಗಳ (ಒಂದೆರಡು ಹಾಡಿನ ಚಿಕ್ಕ ರೆಕಾರ್ಡುಗಳ) ಬೆಲೆ ಸುಮಾರು 90 ಪೆನ್ಸ್ ಇದ್ದಾಗ ಇದಕ್ಕೆ ಬರೀ 45 ಪೆನ್ಸ್. ಇದಕ್ಕಿಂತ ಜಾಸ್ತಿ ಕೊಡಬೇಡಿ ಅಂತ ಕವರ್ ಮೇಲೇ ಅಚ್ಚು ಹಾಕಿಸಿದ್ದರಿಂದ ಅಂಗಡಿಯವರು ಬೆಲೆ ಏರಿಸುವ ಹಾಗಿರಲಿಲ್ಲ. ವ್ಯಾಟ್ ಲೆಕ್ಕ ಹಿಡಿಯದೆ ಮಾರಿದ ಒಂದೊಂದು ಪ್ರತಿಗೂ ಬ್ಯಾಂಡಿಗೇ ನಷ್ಟ ಆಯಿತು. ಆಮೇಲೆ ಬೆಲೆ ಸ್ವಲ್ಪ ಏರಿತು, ಕವರ್ ಮೇಲೆ ಬೆಲೆ ಹಾಕುವ ಪದ್ಧತಿ ಮಾತ್ರ ನಿಲ್ಲಲಿಲ್ಲ. ನನ್ನ ಮಟ್ಟಿಗೆ ಅವರ ಯಾವ ಹಾಡಿಗಿಂತಲೂ ದೊಡ್ಡ ರಾಜಕೀಯ ಮಾತು ಆ ಒಂದು ಸಾಲು.

ಕವರ್‌ಗಳ ಬಗ್ಗೆಯೂ ಹೇಳಲೇಬೇಕು. ಜೀ ವಾಷರ್ ಮಾಡಿದ ಕಪ್ಪು ಬಿಳುಪು ಚಿತ್ರಗಳು, ಮಡಿಕೆ ಬಿಚ್ಚುತ್ತಾ ಹೋದರೆ ಗೋಡೆಗೆ ಅಂಟಿಸುವಷ್ಟು ದೊಡ್ಡ ಪೋಸ್ಟರ್, ಅದರ ತುಂಬ ಹಾಡಿನ ಸಾಲುಗಳು. ಕ್ಯಾಟಲಾಗ್ ನಂಬರ್‌ನಲ್ಲೂ ಒಂದು ಲೆಕ್ಕ ಇತ್ತು. 521984, 421984, 321984 ಅಂತ ಇಳಿಯುತ್ತಾ ಹೋಗುವ ಈ ನಂಬರ್‌ಗಳ ಮೊದಲ ಅಂಕೆ, ಜಾರ್ಜ್ ಆರ್ವೆಲ್ ಕಾದಂಬರಿಯ ಆ 1984ಕ್ಕೆ ಇನ್ನೆಷ್ಟು ವರ್ಷ ಉಳಿದಿದೆ ಅನ್ನುವುದನ್ನು ಹೇಳುತ್ತಿತ್ತು.

1981ರ 'ಪೀನಿಸ್ ಎನ್ವಿ' ಆಲ್ಬಮ್‌ನಲ್ಲಿ ಸ್ಟೀವ್ ಹಾಡಲೇ ಇಲ್ಲ. ಈವ್ ಲಿಬರ್ಟೀನ್ ಮತ್ತು ಜಾಯ್ ಡಿ ವೀವ್ ಹಾಡಿದರು. ಮದುವೆ, ಪ್ರೇಮ, ಹೆಣ್ಣಿನ ಅಂದ ಇವನ್ನೆಲ್ಲ ಹೆಣ್ಣಿನ ಕಡೆಯಿಂದಲೇ ಪ್ರಶ್ನೆ ಮಾಡುವ ಹಾಡುಗಳು. ಕೊನೆಯ ಹಾಡು 'ಅವರ್ ವೆಡ್ಡಿಂಗ್' ಅನ್ನು ಬೇರೊಂದು ಸಂಸ್ಥೆಯ ಹೆಸರಲ್ಲಿ 'ಲವಿಂಗ್' ಅನ್ನೋ ಪ್ರೇಮಕಥೆಗಳ ಪತ್ರಿಕೆಗೆ ಕಳಿಸಿದರು. ಪತ್ರಿಕೆ ಅದನ್ನು ನಿಜವಾದ ಪ್ರೇಮಗೀತೆ ಅಂತಲೇ ನಂಬಿ ತನ್ನ ಓದುಗರಿಗೆ ಹಂಚಿತು.

1982ರಲ್ಲಿ ಎಲ್ಲ ಬದಲಾಯಿತು. 'ಕ್ರೈಸ್ಟ್: ದಿ ಆಲ್ಬಮ್' ತಯಾರಾಗಲು ಸುಮಾರು ಒಂದು ವರ್ಷ ಹಿಡಿದಿತ್ತು. ಅದು ಹೊರಬರುವಷ್ಟರಲ್ಲಿ ಫಾಕ್ಲೆಂಡ್ಸ್ ಯುದ್ಧ ಶುರುವಾಗಿ ಮುಗಿದೇ ಹೋಗಿತ್ತು. 255 ಬ್ರಿಟಿಷ್, 649 ಅರ್ಜೆಂಟೀನಾ ಸೈನಿಕರು ಸತ್ತಿದ್ದರು. ಇಷ್ಟು ನಿಧಾನವಾದರೆ ನಮ್ಮ ಹಾಡು ಯಾರಿಗೆ ಬೇಕು ಅನ್ನೋ ಪ್ರಶ್ನೆ ಬ್ಯಾಂಡನ್ನು ಕಾಡಿತು. ಅಲ್ಲಿಂದ ಮುಂದಿನ ರೆಕಾರ್ಡುಗಳು ಅವಸರದ ಕರಪತ್ರಗಳು. ಸಾವಿರ ಹೆಣಗಳ ತಾಯಿಯಾಗಿರುವುದು ಹೇಗನಿಸುತ್ತದೆ ಅಂತ ಪ್ರಧಾನಿ ಥ್ಯಾಚರ್‌ಗೆ ನೇರವಾಗಿ ಕೇಳುವ ಸಿಂಗಲ್ ಬಂತು. ಪಾರ್ಲಿಮೆಂಟಿನಲ್ಲಿ ಅದರ ಪ್ರಸ್ತಾಪ ಆಯಿತು, ಆಡಳಿತ ಪಕ್ಷದ ಸಂಸದ ಟಿಮ್ ಎಗ್ಗರ್ ರೇಡಿಯೋದಲ್ಲಿ ಬ್ಯಾಂಡಿನವರ ಜೊತೆ ವಾದಕ್ಕಿಳಿದರು. 1983ರ 'ಯೆಸ್ ಸರ್, ಐ ವಿಲ್' ಕೇಳುವುದು ಕಷ್ಟ. ನಿಲ್ಲದೆ ಓಡುವ ಮಾತು, ಅದರ ಹಿಂದೆ ಒರಟು ಗದ್ದಲ. ಯುದ್ಧದಲ್ಲಿ ಮೈ ಸುಟ್ಟುಕೊಂಡ ಸೈನಿಕ ಸೈಮನ್ ವೆಸ್ಟನ್‌ಗೆ ಯುವರಾಜ ಚಾರ್ಲ್ಸ್ ಬೇಗ ಗುಣವಾಗು ಅಂದಾಗ ಆತ ಕೊಟ್ಟ ಉತ್ತರವೇ ಅದರ ಹೆಸರು. ಇದು ಹಿತವಾಗಿ ಕೇಳಿಸಬೇಕು ಅಂತ ನಿರೀಕ್ಷಿಸುವುದೇ ತಪ್ಪು ಅಲ್ವಾ?

ಅದೇ ವರ್ಷ ಬ್ಯಾಂಡಿನ ಪೀಟ್ ರೈಟ್, ಥ್ಯಾಚರ್ ಮತ್ತು ಅಮೆರಿಕದ ಅಧ್ಯಕ್ಷ ರೇಗನ್ ಅವರ ಭಾಷಣಗಳ ತುಣುಕು ಕತ್ತರಿಸಿ ಜೋಡಿಸಿ, ಇಬ್ಬರೂ ಫೋನಿನಲ್ಲಿ ಯುದ್ಧದ ಗುಟ್ಟು ಮಾತಾಡುತ್ತಿರುವ ಹಾಗೆ ಒಂದು ಟೇಪ್ ತಯಾರಿಸಿದರು. ಅಮೆರಿಕದ ವಿದೇಶಾಂಗ ಇಲಾಖೆ ಇದನ್ನು ಸೋವಿಯತ್ ಗುಪ್ತಚರರ ಕೆಲಸ ಅಂದಿತು. 1984ರ ಜನವರಿಯಲ್ಲಿ 'ದಿ ಅಬ್ಸರ್ವರ್' ಪತ್ರಿಕೆ ಟೇಪಿನ ಮೂಲ ಎಸೆಕ್ಸ್‌ನ ಆ ಮನೆ ಅಂತ ಪತ್ತೆ ಹಚ್ಚಿತು.

ಇನ್ನೊಂದು ಕಡೆ 'ಪೀನಿಸ್ ಎನ್ವಿ' ಮೇಲೆ ಅಶ್ಲೀಲತೆಯ ಕೇಸು ಬಿತ್ತು. ಕೋರ್ಟು, ಪೊಲೀಸು, ಒಳಗಿನ ದಣಿವು ಎಲ್ಲ ಸೇರಿ ಬ್ಯಾಂಡನ್ನು ಹಣ್ಣು ಮಾಡಿದವು. 1984ರ ಜುಲೈ 7ರಂದು ವೇಲ್ಸ್‌ನ ಅಬರ್‌ಡೇರ್‌ನಲ್ಲಿ, ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರಿಗಾಗಿ ಕೊನೆಯ ಕಾರ್ಯಕ್ರಮ ಕೊಟ್ಟರು. ಲೇಬಲ್ ಇನ್ನೂ ಸ್ವಲ್ಪ ಕಾಲ ನಡೆಯಿತು. ಬ್ಯೋರ್ಕ್ ಚಿಕ್ಕ ವಯಸ್ಸಿನಲ್ಲಿ ಹಾಡುತ್ತಿದ್ದ ಐಸ್‌ಲ್ಯಾಂಡಿನ ಕುಕ್ಲ್ ಬ್ಯಾಂಡಿನ ಆಲ್ಬಮ್‌ಗಳು ಇಲ್ಲಿಂದಲೇ ಬಂದಿದ್ದು.

ಹೊಸದಾಗಿ ಕೇಳುವವರು 'ಪೀನಿಸ್ ಎನ್ವಿ'ಯಿಂದ ಶುರು ಮಾಡಿ. ಸಂಗೀತ ಅಲ್ಲಿ ಹೆಚ್ಚು ಬಿಗಿಯಾಗಿದೆ, ಮಾತುಗಳು ಇವತ್ತಿಗೂ ಚುಚ್ಚುತ್ತವೆ. ಸ್ಟೀವ್ ಹಾಡಿದ ರೆಕಾರ್ಡುಗಳಿಗೆ ಬಂದಾಗ ಮಾತ್ರ ಸಾಹಿತ್ಯದ ಹಾಳೆ ಮುಂದೆ ಇಟ್ಟುಕೊಂಡೇ ಕೂತುಕೊಳ್ಳಿ. ಆ ವೇಗದಲ್ಲಿ ಅರ್ಧ ಮಾತು ಕಿವಿಗೆ ಸಿಗುವುದಿಲ್ಲ.