ಕಪಡೋಕಿಯದ ಗುಹಾ ಚರ್ಚುಗಳು: ಒಂದು ದಿನದ ಪ್ರವಾಸಕ್ಕೆ ಓದಿನ ಟಿಪ್ಪಣಿ

ಟರ್ಕಿಯ ಕಪಡೋಕಿಯಕ್ಕೆ ಹೋದವರಲ್ಲಿ ಅನೇಕರು ಅಲ್ಲಿ 'ರೆಡ್ ಟೂರ್' ಅಂತ ಕರೆಯುವ ಒಂದು ದಿನದ ಗೈಡ್ ಪ್ರವಾಸ ಹಿಡಿಯುತ್ತಾರೆ. ಉಚ್‌ಹಿಸಾರ್ ಕೋಟೆ, ಗೊರೆಮೆಯ ಬಯಲು ಮ್ಯೂಸಿಯಂ, ಪಾಶಾಬಾಗ್, ಡೆವ್ರೆಂಟ್ ಕಣಿವೆ, ಅವಾನೋಸ್‌ನ ಕುಂಬಾರರ ಅಂಗಡಿ, ನಡುವೆ ಊಟ. ಕಲೆಯ ಇತಿಹಾಸವನ್ನೋ ಭೂವಿಜ್ಞಾನವನ್ನೋ ಓದುತ್ತಿರುವವರಿಗೆ ಈ ಒಂದೇ ದಿನದಲ್ಲಿ ಕಲಿಯುವುದು ಬಹಳ ಇದೆ. ಆದರೆ ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಎರಡು ಮಾತನ್ನು ಹಾಗೇ ನೋಟ್ಸ್‌ಗೆ ಇಳಿಸಬಾರದು. ಒಂದು ಬೆಟ್ಟದ ಬಗ್ಗೆ, ಇನ್ನೊಂದು ಚರ್ಚುಗಳ ಬಗ್ಗೆ.

ಮೊದಲು ಕಲ್ಲು. ಕಲ್ಲು ಅರ್ಥವಾಗದೆ ಚರ್ಚು ಅರ್ಥವಾಗುವುದಿಲ್ಲ. ಇಲ್ಲಿನದು ಟಫ್, ಅಂದರೆ ಜ್ವಾಲಾಮುಖಿ ಉಗುಳಿದ ಬಿಸಿ ಬೂದಿ ಮತ್ತು ಪ್ಯೂಮಿಸ್ (ತೂತು ತೂತಾದ ಹಗುರ ಕಲ್ಲು) ಚೂರುಗಳು ಹರಿದು ಬಂದು, ಪದರ ಪದರವಾಗಿ ಕೂತು, ಗಟ್ಟಿಯಾದ ಕಲ್ಲು. ಎಲ್ಲ ಪದರವೂ ಒಂದೇ ಸಮ ಗಟ್ಟಿ ಇಲ್ಲ. ಬಿರುಕುಗಳಲ್ಲಿ ನೀರು ಇಳಿದು ಮೆತ್ತಗಿನ ಪದರವನ್ನು ಕೊರೆಯುತ್ತದೆ, ಎಲ್ಲಿ ತಲೆಯ ಮೇಲೆ ಗಟ್ಟಿ ಕಲ್ಲಿನ ಟೋಪಿ ಇದೆಯೋ ಅಲ್ಲಿ ಅದರ ಕೆಳಗಿನ ಭಾಗ ಮಾತ್ರ ಕಂಬದ ಹಾಗೆ ಉಳಿಯುತ್ತದೆ. ಟೋಪಿ ಬಿದ್ದರೆ ತುದಿ ಚೂಪಾಗಿ, ಕ್ರಮೇಣ ಗಿಡ್ಡವಾಗಿ ಸವೆದು ಹೋಗುತ್ತದೆ. ಪಾಶಾಬಾಗ್‌ನಲ್ಲಿ ಟೋಪಿ ಇರುವುದು, ಟೋಪಿ ಓರೆಯಾಗಿರುವುದು, ಟೋಪಿ ಕಳೆದುಕೊಂಡದ್ದು ಎಲ್ಲವೂ ಅಕ್ಕಪಕ್ಕದಲ್ಲೇ ನಿಂತಿವೆ. ಫೋಟೋ ತೆಗೆಯುವಾಗ ಯಾವುದು ಯಾವ ಹಂತ ಅಂತ ಗುರುತು ಮಾಡಿಕೊಳ್ಳಿ, ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

ದೂರದಲ್ಲಿ ಹಿಮ ಹೊದ್ದು ಕೂತ ಎರ್ಜಿಯೆಸ್ ಬೆಟ್ಟ ಕಾಣುತ್ತದೆ, ಎತ್ತರ 3,900 ಮೀಟರ್‌ಗೂ ಜಾಸ್ತಿ. ಅದನ್ನು ತೋರಿಸಿ "ಇದೆಲ್ಲ ಆ ಬೆಟ್ಟ ಉಗುಳಿದ ಬೂದಿ" ಅನ್ನುವುದು ರೂಢಿ. ಮೊದಲನೇ ತಪ್ಪು ಇದೇ. ಇಲ್ಲಿನ ಟಫ್ ಪದರಗಳು ಸುಮಾರು ಒಂದು ಕೋಟಿ ವರ್ಷಗಳಿಂದ ಈಚೆಗೆ ಬೇರೆ ಬೇರೆ ಸ್ಫೋಟಗಳಲ್ಲಿ ಬಂದಂಥವು. ಅವುಗಳಲ್ಲಿ ಹೆಚ್ಚಿನವು ಹೊರಬಿದ್ದದ್ದು ನೆವ್‌ಶೆಹಿರ್ ಮತ್ತು ಡೆರಿಂಕುಯು ಊರುಗಳ ನಡುವಿನ ಕಾಲ್ಡೆರಾಗಳಿಂದ (ಸ್ಫೋಟದ ನಂತರ ನೆಲ ಕುಸಿದು ಆದ ದೊಡ್ಡ ಕುಳಿಗಳಿಂದ) ಎಂದು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆ ಕಾಲ್ಡೆರಾಗಳು ಈಗ ಹೂತುಹೋಗಿವೆ, ಕಣ್ಣಿಗೆ ಕಾಣುವುದಿಲ್ಲ. ಎರ್ಜಿಯೆಸ್ ಪಾಲು ಇಲ್ಲವೇ ಇಲ್ಲ ಅಂತಲ್ಲ, ಆದರೆ ಅದು ಕಡಿಮೆ, ಮತ್ತು ತಡವಾಗಿ ಬಂದದ್ದು.

ಈಗ ಗೊರೆಮೆ ಮ್ಯೂಸಿಯಂ. ಈ ಇಡೀ ಪ್ರದೇಶ 1985ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಟಫ್ ಅನ್ನು ಕೆತ್ತುವುದು ಸುಲಭ, ಕೆತ್ತಿದ ಮೇಲೆ ಗಾಳಿಗೆ ಒಡ್ಡಿಕೊಂಡ ಮೈ ಸ್ವಲ್ಪ ಗಟ್ಟಿಯಾಗುತ್ತದೆ. ಒಳಗೆ ಕಾಲಿಟ್ಟ ತಕ್ಷಣ ಕಂಬ, ಕಮಾನು, ಗುಮ್ಮಟ ಎಲ್ಲವೂ ಕಾಣುತ್ತವೆ. ಇಲ್ಲಿ ಒಂದು ನಿಮಿಷ ನಿಂತು ಯೋಚಿಸಿ: ಈ ಕಂಬಗಳು ಏನನ್ನು ಹೊತ್ತಿವೆ? ಏನನ್ನೂ ಇಲ್ಲ! ಇಲ್ಲಿ ಯಾವುದನ್ನೂ ಕಟ್ಟಿಲ್ಲ, ಬೇಡದ ಕಲ್ಲನ್ನು ತೆಗೆದಿದ್ದಾರೆ ಅಷ್ಟೇ. ಕಪಡೋಕಿಯದ ಕೆಲವು ಚರ್ಚುಗಳಲ್ಲಿ ಕಂಬ ಮುರಿದು ಬಿದ್ದಿದೆ, ಅದರ ಮೇಲಿನ ತುಂಡು ಮಾತ್ರ ಚಾವಣಿಯಿಂದ ನೇತಾಡುತ್ತಿದೆ, ಗುಮ್ಮಟಕ್ಕೆ ಏನೂ ಆಗಿಲ್ಲ. ಹಾಗಾದರೆ ಕಂಬ ಯಾಕೆ ಕೆತ್ತಿದರು? ಆಗಿನ ಬೈಜಾಂಟೈನ್ (ಅಂದರೆ ಕಾನ್‌ಸ್ಟಾಂಟಿನೋಪಲ್‌ನಿಂದ ಆಳುತ್ತಿದ್ದ ಪೂರ್ವ ರೋಮನ್ ಕ್ರೈಸ್ತ ಸಾಮ್ರಾಜ್ಯದ) ಚರ್ಚು ಅಂದರೆ ನಾಲ್ಕು ಕಂಬ, ಮಧ್ಯೆ ಗುಮ್ಮಟ, ಪೂರ್ವಕ್ಕೆ ಅರ್ಧವೃತ್ತದ ಪೂಜಾಸ್ಥಳ. ಆ ರೂಪ ಇಲ್ಲದಿದ್ದರೆ ಜನರ ಮನಸ್ಸಿಗೆ ಅದು ಚರ್ಚೇ ಅಲ್ಲ. ಬಾದಾಮಿ ಗುಹೆಗಳನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ, ಅಲ್ಲೂ ಮರಳುಗಲ್ಲಿನಲ್ಲಿ ಕಟ್ಟಡದ ಕಂಬ, ತೊಲೆಗಳನ್ನೇ ಕೆತ್ತಿದ್ದಾರೆ ಅಲ್ವಾ?

ಕಾಲ ಗುರುತಿಸುವುದನ್ನು ಕಲಿಯಲು ಟೊಕಾಲಿ ಚರ್ಚಿಗಿಂತ ಒಳ್ಳೆಯ ಪಾಠ ಇಲ್ಲ. ಇದು ಮ್ಯೂಸಿಯಂನ ಮುಖ್ಯ ಗೇಟಿನ ಹೊರಗೆ, ಸ್ವಲ್ಪ ಕೆಳಗೆ ಇದೆ. ಅವಸರದಲ್ಲಿ ತುಂಬಾ ಜನ ಬಿಟ್ಟು ಹೋಗುತ್ತಾರೆ, ನೀವು ಬಿಡಬೇಡಿ. ಮೊದಲು ಸಿಗುವುದು ಹಳೆಯ ಚರ್ಚು, ಸುರಂಗದಂಥ ಕಮಾನಿನ ಸಣ್ಣ ಕೋಣೆ. ಅಲ್ಲಿ 10ನೇ ಶತಮಾನದ ಆರಂಭದ ಚಿತ್ರಗಳಿವೆ, ಕ್ರಿಸ್ತನ ಬದುಕು ಪಟ್ಟಿ ಪಟ್ಟಿಯಾಗಿ ಸಾಗುತ್ತದೆ. ಆ ಕೋಣೆಯ ಪೂರ್ವದ ತುದಿಗೆ ಹೋಗಿ. ಪೂಜಾಸ್ಥಳ ಇರಬೇಕಾದ ಜಾಗದಲ್ಲಿ ಅದು ಇಲ್ಲ, ಅದನ್ನು ಕಡಿದು ಆಚೆ ದೊಡ್ಡ ಹೊಸ ಚರ್ಚು ಕೊರೆದಿದ್ದಾರೆ. ಯಾವುದು ಇನ್ನೊಂದನ್ನು ಕಡಿದಿದೆಯೋ ಅದು ಆಮೇಲಿನದು. ಶಾಸನ ಇಲ್ಲದಿದ್ದರೂ ಇಷ್ಟು ಹೇಳಬಹುದು. ಹೊಸ ಚರ್ಚಿನ ಗೋಡೆ ಪೂರ್ತಿ ಗಾಢ ನೀಲಿ, ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ ಬಣ್ಣ. ಆ ಕಾಲದಲ್ಲಿ ಆ ಕಲ್ಲು ಬರುತ್ತಿದ್ದದ್ದು ದೂರದ ಅಫ್ಘಾನಿಸ್ತಾನದ ಬದಖ್‌ಶಾನ್‌ನಿಂದ. ಇಡೀ ಗೋಡೆಗೆ ಅದನ್ನು ಹಚ್ಚಿಸಿದವರು ಬಡ ಸನ್ಯಾಸಿಗಳಾಗಿರಲಿಕ್ಕೆ ಸಾಧ್ಯವೇ ಇಲ್ಲ ಅಂತ ನನಗನಿಸುತ್ತದೆ.

ಸೇಂಟ್ ಬಾರ್ಬರಾ ಚರ್ಚಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಚ್ಚಿನ ಕಡೆ ಗಾರೆಯೇ ಇಲ್ಲ, ಕಲ್ಲಿನ ಮೇಲೇ ಕೆಮ್ಮಣ್ಣಿನ ಬಣ್ಣದಲ್ಲಿ ಶಿಲುಬೆ, ಚೌಕ, ಗೆರೆ, ಒಂದು ವಿಚಿತ್ರ ಪ್ರಾಣಿ. ಸಂತರ ಚಿತ್ರ ಕಡಿಮೆ. ಇದನ್ನು ನೋಡಿ "ಮೂರ್ತಿಚಿತ್ರ ನಿಷೇಧದ ಕಾಲದ್ದು" ಅಂತ ಬರೆದುಬಿಡುವ ಆಸೆ ಆಗುತ್ತದೆ. ಬೈಜಾಂಟೈನ್ ಚಕ್ರವರ್ತಿಗಳು ಕ್ರಿಸ್ತ, ಸಂತರ ಚಿತ್ರಗಳನ್ನು ಪೂಜಿಸುವುದಕ್ಕೆ ಹಾಕಿದ್ದ ಆ ನಿಷೇಧ 8ನೇ ಶತಮಾನದಲ್ಲಿ ಶುರುವಾಗಿ, ನಡುವೆ ಒಮ್ಮೆ ನಿಂತು, 843ಕ್ಕೆ ಮುಗಿಯಿತು. ಆದರೆ ಈ ಚರ್ಚಿನ ನಕ್ಷೆ 11ನೇ ಶತಮಾನದ್ದು ಎಂದು ಈಗ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಸರಳ ಚಿತ್ರ ಅಂದ ಮಾತ್ರಕ್ಕೆ ಹಳೆಯದು ಅಂತ ಆಗುವುದಿಲ್ಲ.

ಕತ್ತಲ ಚರ್ಚಿಗೆ (ಕರಾನ್‌ಲಿಕ್ ಕಿಲಿಸೆ) ಬೇರೆ ಟಿಕೆಟ್ ಬೇಕು, ಕೊಟ್ಟು ಹೋಗಿ. ಬೆಳಕು ಬರಲು ಒಂದು ಪುಟ್ಟ ಕಿಂಡಿ ಮಾತ್ರ ಇದ್ದದ್ದರಿಂದ 11ನೇ ಶತಮಾನದ ಬಣ್ಣ ಮಾಸಿಲ್ಲ. ಚಿತ್ರಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ಕೈಗೆಟಕುವ ಎತ್ತರದಲ್ಲಿ ಮುಖ, ಕಣ್ಣು ಕೆರೆದಿದ್ದಾರೆ, ಹೆಸರು ಗೀಚಿದ್ದಾರೆ. ಗುಮ್ಮಟದ ಕ್ರಿಸ್ತ ಹಾಗೇ ಇದ್ದಾನೆ. ಹಾನಿ ಎಲ್ಲಿ ನಿಲ್ಲುತ್ತದೆ ಅನ್ನುವುದೇ ಒಂದು ಪುರಾವೆ. ಒಳಗೆ ಫೋಟೋ ತೆಗೆಯುವಂತಿಲ್ಲ, ಹಾಗಾಗಿ ಪುಟ್ಟ ಪುಸ್ತಕ ಇಟ್ಟುಕೊಂಡು ಹೊರಗೆ ಬಂದ ತಕ್ಷಣ ಬರೆದುಕೊಳ್ಳಿ. ಮ್ಯೂಸಿಯಂನೊಳಗೇ ಇರುವ ಊಟದ ಕೋಣೆಗಳನ್ನೂ ನೋಡಿ, ಉದ್ದನೆಯ ಮೇಜು, ಎರಡು ಬದಿಯ ಬೆಂಚು ಎಲ್ಲ ಅದೇ ಬಂಡೆಯಲ್ಲಿ ಕಡಿದದ್ದು.

ಎರಡನೇ ತಪ್ಪು ಇನ್ನೂ ದೊಡ್ಡದು. "ರೋಮನ್ನರಿಗೆ ಹೆದರಿ ಬಚ್ಚಿಟ್ಟುಕೊಂಡ ಕ್ರೈಸ್ತರು ಈ ಚರ್ಚುಗಳನ್ನು ಕೊರೆದರು." ಕೇಳಲು ಚೆನ್ನಾಗಿದೆ, ಕಾಲ ಹೊಂದುವುದಿಲ್ಲ. ಕ್ರೈಸ್ತರ ಮೇಲಿನ ರೋಮನ್ ಹಿಂಸೆ 4ನೇ ಶತಮಾನದ ಆರಂಭಕ್ಕೇ ಮುಗಿದಿತ್ತು, ಅದೇ ಶತಮಾನದಲ್ಲಿ ಪಕ್ಕದ ಕೈಸೇರಿಯಲ್ಲಿ ಸಂತ ಬೆಸಿಲ್ ಬಿಷಪ್ ಆಗಿದ್ದರು. ನಾವು ನೋಡುವ ಚಿತ್ರಗಳು ಹೆಚ್ಚಾಗಿ 10, 11ನೇ ಶತಮಾನದವು, ಆಗ ಆಳುತ್ತಿದ್ದದ್ದೇ ಕ್ರೈಸ್ತ ಬೈಜಾಂಟೈನ್ ಸಾಮ್ರಾಜ್ಯ. ಅಡಗಿದ್ದು ನಿಜ, ಆದರೆ ಅದು ಡೆರಿಂಕುಯು, ಕಾಯ್ಮಾಕ್ಲಿಯಂಥ ನೆಲದಡಿ ಊರುಗಳಲ್ಲಿ, 7ನೇ ಶತಮಾನದಿಂದ ಶುರುವಾದ ಅರಬ್ ದಾಳಿಗಳ ಕಾಲದಲ್ಲಿ. ಬೀಸುಕಲ್ಲಿನಂಥ ಉರುಟು ಬಾಗಿಲುಗಳು ಇರುವುದು ಅಲ್ಲಿ. ಎರಡನ್ನೂ ಬೆರೆಸಬೇಡಿ.

1071ರಲ್ಲಿ ಸೆಲ್ಜುಕ್ ತುರ್ಕರು ಬೈಜಾಂಟೈನ್ ಸೇನೆಯನ್ನು ಸೋಲಿಸಿದ ಮಾಂಜಿಕೆರ್ಟ್ ಯುದ್ಧದ ನಂತರ ತುರ್ಕರು ಬಂದರು, ಚರ್ಚು ಮುಗಿಯಿತು ಅನ್ನುವುದೂ ಸರಿಯಲ್ಲ. ಇಹ್ಲಾರಾ ಕಣಿವೆಯ ಬೆಲಿಸಿರ್ಮಾದಲ್ಲಿ ಸಂತ ಜಾರ್ಜ್ ಹೆಸರಿನ ಚರ್ಚಿದೆ, 13ನೇ ಶತಮಾನದ ಕೊನೆಯದು. ಅದರ ಶಾಸನದಲ್ಲಿ ಸೆಲ್ಜುಕ್ ಸುಲ್ತಾನ ಮಸೂದ್ ಮತ್ತು ಬೈಜಾಂಟೈನ್ ಚಕ್ರವರ್ತಿ ಆಂಡ್ರೊನಿಕೋಸ್ ಇಬ್ಬರ ಹೆಸರೂ ಇದೆ. ಚಿತ್ರ ಬರೆಸಿದ ಬೆಸಿಲ್ ಎಂಬ ಕ್ರೈಸ್ತ ಪೇಟ ಸುತ್ತಿ, ಸೆಲ್ಜುಕ್ ಉಡುಪಿನಲ್ಲಿ ನಿಂತಿದ್ದಾನೆ. ಇಲ್ಲಿನ ಗ್ರೀಕ್ ಆರ್ಥೊಡಾಕ್ಸ್ ಜನ ಊರು ಬಿಟ್ಟದ್ದು 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಮಾಡಿಕೊಂಡ ಜನ ವಿನಿಮಯ ಒಪ್ಪಂದದ ನಂತರ, ಅಂದರೆ ನೂರು ವರ್ಷದ ಹಿಂದೆ ಅಷ್ಟೇ. ಬೆಲಿಸಿರ್ಮಾದ ಈ ಚರ್ಚು ರೆಡ್ ಟೂರ್‌ನಲ್ಲಿ ಬರುವುದಿಲ್ಲ. ಇಹ್ಲಾರಾಗೆ ಹೋಗುವುದು 'ಗ್ರೀನ್ ಟೂರ್', ಅದರಲ್ಲೂ ಗುಂಪು ಬೆಲಿಸಿರ್ಮಾದಲ್ಲಿ ಊಟ ಮುಗಿಸಿ ಹೊರಟುಬಿಡಬಹುದು. ಬುಕ್ ಮಾಡುವಾಗಲೇ ಈ ಚರ್ಚು ನೋಡಲು ಸಮಯ ಕೊಡುತ್ತೀರಾ ಅಂತ ಕೇಳಿಕೊಳ್ಳಿ.