ವಾಟ್ನಿ ಆದಮೇಲೆ ಅಂಗಡಿಯ ಹೆಸರು ಯಾರದು?

ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಿರಲಿ, ಬ್ಯಾಡಗಿಯ ಖಾರದ ಪುಡಿ ಗಿರಣಿಯಿರಲಿ, ಅಣ್ಣ-ತಮ್ಮಂದಿರ ವಾಟ್ನಿಯಲ್ಲಿ, ಅಂದರೆ ಆಸ್ತಿ ಹಂಚಿಕೆಯಲ್ಲಿ, ಹೊಲ, ಮನೆ, ಗೋದಾಮು, ಮಷಿನ್ನು, ಬರಬೇಕಾದ ಬಾಕಿ ಎಲ್ಲವೂ ಪಟ್ಟಿಯಾಗುತ್ತವೆ. ಪಾಕೀಟಿನ ಮೇಲಿನ ಹೆಸರು ಮಾತ್ರ ಯಾವ ಪಟ್ಟಿಗೂ ಬರುವುದಿಲ್ಲ. ಮುಂದೆ ಇಬ್ಬರ ಮಾಲೂ ಒಂದೇ ಹೆಸರಲ್ಲಿ ಒಂದೇ ಗಿರಾಕಿಯ ಕೈಗೆ ಬಂದಾಗ ಜಗಳ ಹುಟ್ಟುತ್ತದೆ, ಇಬ್ಬರೂ ಜಿಎಸ್‌ಟಿ ಪ್ರಮಾಣಪತ್ರ, ಆಹಾರ ಪರವಾನಗಿ, ಅಂಗಡಿ ಲೈಸೆನ್ಸ್ ಹಿಡಿದುಕೊಂಡು ವಕೀಲರ ಬಾಗಿಲಿಗೆ ಬರುತ್ತಾರೆ. ಹೆಸರನ್ನು ಯಾವಾಗಿನಿಂದ ಬಳಸುತ್ತಿದ್ದೀರಿ ಎಂಬುದಕ್ಕೆ ಈ ಕಾಗದಗಳು ಪುರಾವೆಯಾದಾವು. ಹೆಸರಿನ ಒಡೆತನವನ್ನು ಅವು ಕೊಡುವುದಿಲ್ಲ. ಅದೇ ಹೆಸರಲ್ಲಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಸಿಕೊಂಡರೂ ಅಷ್ಟೇ.

ತಪ್ಪು ಬಹಳ ಸಲ ಶುರುವಾಗುವುದು ಹೆಸರನ್ನು ನೋಂದಾಯಿಸುವ ಟ್ರೇಡ್‌ಮಾರ್ಕ್ ಅರ್ಜಿಯಲ್ಲೇ. ಅರ್ಜಿಯ ನಮೂನೆ ಟಿಎಂ-ಎ. ಆನ್‌ಲೈನ್‌ನಲ್ಲಿ ಹಾಕಿದರೆ ಒಬ್ಬ ವ್ಯಕ್ತಿಗೆ ಮಾಲಿನ ಪ್ರತಿ ವರ್ಗಕ್ಕೆ 4,500 ರೂಪಾಯಿ, ಪಾಲುದಾರಿಕೆ ಸಂಸ್ಥೆಗೆ 9,000. ಅರ್ಧ ಉಳಿಯುತ್ತದೆಂದು ಹಿರಿಯ ಮಗನ ಹೆಸರಲ್ಲಿ ಅರ್ಜಿ ಹಾಕಿಬಿಡುತ್ತಾರೆ. ಮೂವರು ಸೇರಿ ಬೆಳೆಸಿದ ಹೆಸರು ದಾಖಲೆಯಲ್ಲಿ ಒಬ್ಬನದಾಗುವುದು ಹೀಗೆ. ಉದ್ಯಮ್ ಪ್ರಮಾಣಪತ್ರವಿರುವ ಸಣ್ಣ ಉದ್ಯಮಕ್ಕೂ ಶುಲ್ಕ 4,500 ರೂಪಾಯಿಯೇ. ಅಂದರೆ ಸಂಸ್ಥೆಯ ಹೆಸರಲ್ಲಿ ಹಾಕಿದರೂ ಖರ್ಚು ಅಷ್ಟೇ. ಸಂಸ್ಥೆಯ ಪರವಾಗಿ ಹಾಕುವಾಗ ಎಲ್ಲ ಪಾಲುದಾರರ ಹೆಸರನ್ನೂ ಬರೆಯಿರಿ. ಖಾರದ ಪುಡಿ, ಮಸಾಲೆ 30ನೇ ವರ್ಗಕ್ಕೆ, ಉಪ್ಪಿನಕಾಯಿ 29ಕ್ಕೆ, ಹಸಿ ಮೆಣಸಿನಕಾಯಿ 31ಕ್ಕೆ ಸೇರುತ್ತವೆ. ಅಂಗಡಿಯ ವ್ಯಾಪಾರ ಸೇವೆಗೆ 35ನೇ ವರ್ಗ.

ಅದೇ ಅರ್ಜಿಯಲ್ಲಿ ಬಳಕೆಯ ದಿನಾಂಕ ಕೇಳುವ ಕಲಂ ಒಂದಿದೆ. ತಂದೆಯ ಕಾಲದಿಂದ ನಡೆದುಬಂದ ಹೆಸರಿಗೂ ‘ಮುಂದೆ ಬಳಸಲಿದ್ದೇವೆ’ ಎಂದು ಗುರುತು ಹಾಕಿ ಕಳಿಸುವವರಿದ್ದಾರೆ, ಏಕೆಂದರೆ ಹಳೆಯ ಬಳಕೆ ತೋರಿಸಿದರೆ ಅಫಿಡವಿಟ್ಟೂ ದಾಖಲೆಗಳೂ ಬೇಕಾಗುತ್ತವೆ. ದಯವಿಟ್ಟು ಆ ಸೋಮಾರಿತನ ಬೇಡ. ನಮ್ಮ ಕಾನೂನಿನಲ್ಲಿ ನೋಂದಣಿಗಿಂತ ಮೊದಲ ಬಳಕೆಯ ಹಕ್ಕು ಮೇಲು. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಳೆಯ ಬಿಲ್ ಬುಕ್, ಕಿರ್ದಿ, ಲೇಬಲ್ ಮುದ್ರಿಸಿದ ಪ್ರೆಸ್ಸಿನ ಬಿಲ್ಲು, ಜಾತ್ರೆಯ ಸ್ಮರಣ ಸಂಚಿಕೆಗೆ ಕೊಟ್ಟ ಜಾಹೀರಾತು ಯಾವುದನ್ನೂ ದೀಪಾವಳಿ ಸ್ವಚ್ಛತೆಯಲ್ಲಿ ರದ್ದಿಗೆ ಹಾಕಬೇಡಿ. ದಿನಾಂಕವೂ ಹೆಸರೂ ಒಟ್ಟಿಗೆ ಕಾಣುವ ಕಾಗದವೇ ಕೋರ್ಟಿನಲ್ಲಿ ನಿಲ್ಲುತ್ತದೆ.

ಇನ್ನು ವಾಟ್ನಿಯ ಮಾತು. ಹಿರಿಯರು ಕೂತು ಬಗೆಹರಿಸುವಾಗ ‘ಹುಬ್ಬಳ್ಳಿ ಅಣ್ಣನಿಗೆ, ಗದಗ ತಮ್ಮನಿಗೆ, ಹೆಸರು ಇಬ್ಬರಿಗೂ’ ಎಂದು ಬರೆಸುತ್ತಾರೆ. ನ್ಯಾಯವಾಗಿಯೇ ಕಾಣುತ್ತದೆ, ಆದರೆ ಕಾನೂನಿನಲ್ಲಿ ಇದು ಬಹಳ ದುರ್ಬಲ. ಟ್ರೇಡ್‌ಮಾರ್ಕ್ ಕಾಯ್ದೆ 1999ರ ಕಲಂ 41ರ ಪ್ರಕಾರ, ಒಂದೇ ಬಗೆಯ ಮಾಲಿಗೆ ಒಂದೇ ಅಥವಾ ಅದನ್ನು ಹೋಲುವ ಗುರುತಿನ ಹಕ್ಕನ್ನು ಊರು ಹಂಚಿ ಬೇರೆ ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಬೇಕೇ ಬೇಕಾದರೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಒಪ್ಪಿಗೆ ಪಡೆಯಬೇಕು. ಜಂಟಿ ಮಾಲೀಕರಾಗುತ್ತೇವೆ ಎಂದರೆ ಕಲಂ 24 ಅಡ್ಡ ಬರುತ್ತದೆ: ಇಬ್ಬರೂ ಸೇರಿ ಬಳಸುವುದಾದರೆ ಮಾತ್ರ ಜಂಟಿ ನೋಂದಣಿ, ಬೇರೆ ಬೇರೆ ವ್ಯಾಪಾರ ಮಾಡುವವರಿಗೆ ಅದು ಸಿಗುವುದಿಲ್ಲ. ಗಡಿ ಹಾಕಿಕೊಂಡ ಹೆಸರು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಹಲ್ದಿರಾಮ್ ಕುಟುಂಬದ ವ್ಯಾಜ್ಯ ನೋಡಿ. 1974ರ ಪಾಲುದಾರಿಕೆ ವಿಸರ್ಜನಾ ಪತ್ರದಲ್ಲಿ ಪಶ್ಚಿಮ ಬಂಗಾಳ ಒಂದು ಕವಲಿಗೆ, ಉಳಿದ ದೇಶ ಇನ್ನೊಂದು ಕವಲಿಗೆ ಎಂದು ಹಂಚಿಕೊಂಡರು. ಆ ಹೆಸರಿನ ಜಗಳ 2000ದಲ್ಲೂ ಸುಪ್ರೀಂ ಕೋರ್ಟಿನಲ್ಲಿ ನಡೆದಿತ್ತು.

ಉಳಿದಿರುವ ದಾರಿ ಎರಡೇ, ನನ್ನ ಪ್ರಕಾರ ಎರಡೂ ಚೆನ್ನಾಗಿಯೇ ಇವೆ. ಹೆಸರು ಒಬ್ಬರಿಗೇ ಹೋಗಲಿ, ಅದರ ಬೆಲೆ ಕಟ್ಟಿ ಇನ್ನೊಬ್ಬರಿಗೆ ಹಣ ಅಥವಾ ಆಸ್ತಿ ಕೊಡಲಿ, ಹೊಸ ಹೆಸರು ಕಟ್ಟಿಕೊಳ್ಳಲು ಅವರಿಗೆ ಆರೆಂಟು ತಿಂಗಳು ಕಾಲಾವಕಾಶ ಸಿಗಲಿ. ಇಲ್ಲವೇ ಮಾಲೀಕ ಒಬ್ಬರಾಗಿ, ಇನ್ನೊಬ್ಬರು ಲೈಸೆನ್ಸ್ ಮೇಲೆ ಬಳಸಲಿ. ಲೈಸೆನ್ಸ್ ಪತ್ರದಲ್ಲಿ ಮಾಲಿನ ಗುಣಮಟ್ಟ ಏನು, ಯಾರು ಪರೀಕ್ಷಿಸುತ್ತಾರೆ, ವರ್ಷಕ್ಕೆ ಎಷ್ಟು ಕೊಡಬೇಕು, ಯಾವ ತಪ್ಪಿಗೆ ಲೈಸೆನ್ಸ್ ರದ್ದು ಎಂಬುದು ಇರಲೇಬೇಕು. ವರ್ಗಾವಣೆಯಾದರೆ ‘ಗುಡ್‌ವಿಲ್ ಸಹಿತ’ ಎಂಬ ಶಬ್ದ ಪತ್ರದಲ್ಲಿರಲಿ; ಗುಡ್‌ವಿಲ್ ಎಂದರೆ ವ್ಯಾಪಾರ ಗಳಿಸಿದ ಗಿರಾಕಿಗಳ ವಿಶ್ವಾಸ. ಗುಡ್‌ವಿಲ್ ಬಿಟ್ಟು ವರ್ಗಾಯಿಸಿದರೆ ರಿಜಿಸ್ಟ್ರಾರ್ ಹೇಳಿದಂತೆ ಪ್ರಕಟಣೆ ಕೊಡುವ ಬೇರೆಯೇ ಕಟ್ಟಳೆ ಇದೆ. ಆಮೇಲೆ ಟಿಎಂ-ಪಿ ನಮೂನೆಯಲ್ಲಿ ಹೊಸ ಮಾಲೀಕನ ಹೆಸರು ದಾಖಲಾಗಬೇಕು. ಪತ್ರ ತಿಜೋರಿಯಲ್ಲಿಟ್ಟು ಸುಮ್ಮನಾದರೆ ರಿಜಿಸ್ಟರಿನಲ್ಲಿ ಹಳೆಯ ಹೆಸರೇ ಉಳಿಯುತ್ತದೆ.

ವ್ಯಾಪಾರ ಇನ್ನೂ ಒಟ್ಟಿಗಿರುವವರು ಪಾಲುದಾರಿಕೆ ಪತ್ರಕ್ಕೆ ಇಷ್ಟು ಸೇರಿಸಿಕೊಳ್ಳಬಹುದು: ‘ಈ ಹೆಸರು, ಇದರ ಲೇಬಲ್ ಮತ್ತು ಗುಡ್‌ವಿಲ್ ಸಂಸ್ಥೆಯ ಆಸ್ತಿ, ಯಾವ ಪಾಲುದಾರನ ಸ್ವಂತದ್ದಲ್ಲ. ಹೊರಹೋಗುವ ಪಾಲುದಾರನು ಹೆಸರನ್ನಾಗಲಿ ಹೋಲುವ ಹೆಸರನ್ನಾಗಲಿ ಬಳಸತಕ್ಕದ್ದಲ್ಲ. ಅವನ ಪಾಲಿನ ಗುಡ್‌ವಿಲ್ ಬೆಲೆಯನ್ನು ಸಂಸ್ಥೆ ಕೊಡತಕ್ಕದ್ದು.’ ಬರೆದರೆ ಸಾಲದು, ಸಂಸ್ಥೆ ನೋಂದಣಿಯೂ ಆಗಿರಬೇಕು. ಪಾಲುದಾರಿಕೆ ಕಾಯ್ದೆ 1932ರ ಕಲಂ 69ರಂತೆ, ನೋಂದಣಿಯಿಲ್ಲದ ಸಂಸ್ಥೆಯ ಪಾಲುದಾರ ಈ ಕರಾರಿನ ಆಧಾರದ ಮೇಲೆ ಸಹಪಾಲುದಾರರ ವಿರುದ್ಧ ದಾವೆ ಹೂಡಲಾರ. ವಿಸರ್ಜನೆ, ವಿಸರ್ಜನೆಯಾದ ಸಂಸ್ಥೆಯ ಲೆಕ್ಕಪತ್ರ ಕೇಳುವಂಥ ದಾವೆಗಳಿಗೆ ವಿನಾಯಿತಿಯಿದೆ. ಹೊರಗಿನವನೊಬ್ಬ ಹೆಸರು ನಕಲು ಮಾಡಿದರೆ ತಡೆಯಲು ಸಂಸ್ಥೆಯ ನೋಂದಣಿ ಇಲ್ಲದಿರುವುದು ಅಡ್ಡಿಯಲ್ಲ ಎಂದು ಹಲ್ದಿರಾಮ್ ವ್ಯಾಜ್ಯದ 2000ದ ತೀರ್ಪೇ ಹೇಳಿದೆ. ಒಳಗಿನ ಜಗಳಕ್ಕೆ ಆ ರಕ್ಷಣೆ ಸಾಲದು.

ಇಬ್ಬರೇ ಪಾಲುದಾರರಿರುವ ಸಂಸ್ಥೆಯಲ್ಲಿ ಒಬ್ಬರು ತೀರಿಕೊಂಡರೆ, ಪತ್ರ ಏನೇ ಹೇಳಲಿ, ಸಂಸ್ಥೆ ಅಲ್ಲಿಗೇ ಮುಗಿಯುತ್ತದೆ. ಮುಂದಿನ ಪೀಳಿಗೆಯ ಒಬ್ಬರನ್ನಾದರೂ ಮೂರನೇ ಪಾಲುದಾರರಾಗಿ ಮೊದಲೇ ಸೇರಿಸಿ, ಒಬ್ಬರ ಸಾವಿನಿಂದ ಸಂಸ್ಥೆ ಮುರಿಯದು ಎಂದು ಪತ್ರದಲ್ಲಿ ಬರೆಸಿಡಿ. ಯಾರಾದರೂ ಬಿಟ್ಟುಹೋದಾಗ ಫರ್ಮ್‌ಗಳ ರಿಜಿಸ್ಟ್ರಾರರಿಗೆ ತಿಳಿಸಿ, ರಾಜ್ಯಪತ್ರದಲ್ಲೂ ಜಿಲ್ಲೆಯಲ್ಲಿ ಓಡುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಇಲ್ಲದಿದ್ದರೆ ಬಿಟ್ಟುಹೋದವರ ಮೇಲೂ ಮುಂದಿನ ಸಾಲದ ಹೊಣೆ ಬರುವುದುಂಟು.

ಹಾವೇರಿ ಭಾಗದವರಿಗೆ ಒಂದು ಮಾತು. ‘ಬ್ಯಾಡಗಿ’ ಎಂಬ ಶಬ್ದವನ್ನೇ ನಿಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೋಗಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ, ಅಂದರೆ ಒಂದು ಸೀಮೆಯ ವಿಶಿಷ್ಟ ಮಾಲಿನ ಗುರುತು) ನೋಂದಣಿಯಾಗಿದೆ, ಅದು ಇಡೀ ಸೀಮೆಯ ಬೆಳೆಗಾರರಿಗೆ ಸೇರಿದ್ದು. ನೀವು ಆ ಮಾಲಿನ ಬೆಳೆಗಾರರೋ ಉತ್ಪಾದಕರೋ ಆಗಿದ್ದರೆ ಜಿಐ-3 ನಮೂನೆಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಿ, ಬ್ರ್ಯಾಂಡಿಗೆ ಬೇರೆ ಹೆಸರಿಡಿ. ಲೇಬಲ್ ಚಿತ್ರ ಬರೆದುಕೊಟ್ಟ ಕಲಾವಿದರಿಂದ ಕಾಪಿರೈಟ್ ವರ್ಗಾವಣೆಯನ್ನೂ ಬರಹದಲ್ಲಿ ಪಡೆಯಿರಿ. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ.

ಟ್ರೇಡ್‌ಮಾರ್ಕ್ ಅರ್ಜಿಯಲ್ಲಿ ಕೊಡುವ ಇಮೇಲ್ ವಿಳಾಸ ಸಂಸ್ಥೆಯದೇ ಆಗಿರಲಿ, ಏಜೆಂಟರದೊಂದೇ ಬೇಡ. ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಾ ವರದಿಗೆ ಉತ್ತರಿಸಲು ಒಂದು ತಿಂಗಳು. ಜರ್ನಲ್‌ನಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಯಾರಾದರೂ ವಿರೋಧಿಸಿದರೆ, ವಿರೋಧದ ಪ್ರತಿ ಕೈಸೇರಿದ ಎರಡು ತಿಂಗಳಲ್ಲಿ ಪ್ರತಿಹೇಳಿಕೆ ಹೋಗಬೇಕು. ತಪ್ಪಿದರೆ ಅರ್ಜಿಯನ್ನೇ ಕೈಬಿಟ್ಟಂತೆ. ನೋಂದಣಿ ಹತ್ತು ವರ್ಷಕ್ಕೊಮ್ಮೆ ನವೀಕರಣವಾಗಬೇಕು, ಆನ್‌ಲೈನ್ ಶುಲ್ಕ ಪ್ರತಿ ವರ್ಗಕ್ಕೆ 9,000 ರೂಪಾಯಿ. ಅವಧಿ ಮುಗಿದ ಆರು ತಿಂಗಳವರೆಗೆ ಹೆಚ್ಚುವರಿ 4,500 ಕಟ್ಟಿ ಉಳಿಸಿಕೊಳ್ಳಬಹುದು.