ಅರವತ್ತು ನಿಮಿಷ ಆದಮ್ಯಾಲೆ ನಮ್ಮ ಟೀಮ್ ಎಲ್ಲಿ ಹೋಗ್ತೈತಿ?

‘ಹುಡುಗ್ರಿಗೆ ಸ್ಕಿಲ್ ಐತ್ರಿ ಸರ್, ಸ್ಟಾಮಿನಾ ಇಲ್ಲ.’ ಬೆಳಗಾವಿಯೊಳಗ ಕಾಲೇಜ್ ಫುಟ್‌ಬಾಲ್ ಟೀಮಿಗೆ ಕೋಚಿಂಗ್ ಮಾಡೋ ನನ್ನಂಥವರು ಪ್ರತಿ ಸೀಸನ್ ಮುಗದಮ್ಯಾಲೆ ಕೇಳೋ ಮಾತು ಇದ. ಸ್ಟಾಫ್ ರೂಮಿನಾಗ ಇದ, ಕ್ಯಾಂಟೀನಿನಾಗ ಇದ, ಹುಡುಗ್ರ ವಾಟ್ಸಾಪ್ ಗ್ರೂಪಿನಾಗೂ ಇದ. ಮಾತಿಗೆ ಆಧಾರ ಇಲ್ಲ ಅಂತೇನಿಲ್ಲ, ಇಂಟರ್ವಲ್ಲಿಗೆ ಒಂದು-ಸೊನ್ನೆ ಮುಂದ ಇರ್ತೀವಿ, ಎಪ್ಪತ್ತನೇ ನಿಮಿಷಕ್ಕ ಸಮಾ ಆಗ್ತೈತಿ, ಕಡೀಕ ಒಂದು-ಎರಡು ಸೋತು ಬ್ಯಾಗ್ ಕಟ್ಕೊಂಡು ಬರ್ತೀವಿ. ಟೀಮ್ ಬದಲಾಗ್ತೈತಿ, ಹುಡುಗ್ರು ಡಿಗ್ರಿ ಮುಗಿಸಿ ಹೋಗ್ತಾರ, ಹೊಸಬ್ರು ಬರ್ತಾರ, ಸೋಲೋ ರೀತಿ ಮಾತ್ರ ಬದಲಾಗೂದಿಲ್ಲ. ಹುಡುಗ್ರು ಬ್ಯಾರೆ ಬ್ಯಾರೆ ಇದ್ದೂ ರೋಗ ಒಂದ ಅಂದ್ರ ಅದು ಹುಡುಗ್ರ ಶ್ವಾಸಕೋಶದಾಗ ಇಲ್ಲ, ಆಡೋ ಪದ್ಧತಿಯೊಳಗ ಐತಿ ಅಂತ ನನ್ನ ಲೆಕ್ಕ.

ಲೆಕ್ಕ ಸರಳ ಐತಿ ನೋಡ್ರಿ. ಇಂಟರ್‌ನ್ಯಾಷನಲ್ ಗ್ರೌಂಡ್ 105 ಮೀಟರ್ ಉದ್ದ, 68 ಮೀಟರ್ ಅಗಲ, ನಮಗ ಸಿಗೋ ಗ್ರೌಂಡು ಒಂದೀಟು ಕಡಿಮಿ ಇರ್ತಾವು ಅಷ್ಟ. ಅಷ್ಟು ಜಾಗಾದಾಗ ಕೀಪರ್ ಬಿಟ್ಟು ಹತ್ತು ಮಂದಿ. ಎದುರಿನವರ ಹತ್ರ ಬಾಲ್ ಇದ್ದಾಗ ನಮ್ಮ ಕಟ್ಟಕಡೇ ಡಿಫೆಂಡರ್‌ನಿಂದ ಮುಂದಿನ ಫಾರ್ವರ್ಡ್ ತನಕ ಮೂವತ್ತು ಮೂವತ್ತೈದು ಮೀಟರಿನಾಗ ಟೀಮ್ ಇರಬೇಕು. ಎಂಬತ್ತರ ದಶಕದ ಕೊನೀಗೆ ಇಟಲಿಯ ಮಿಲಾನ್ ಟೀಮಿನ ಕೋಚ್ ಅರಿಗೋ ಸಾಕಿ ಇಪ್ಪತ್ತೈದು ಮೀಟರ್ ಅಂತ ಹಟ ಹಿಡದಿದ್ದ, ಅದ ಹಟದ ಮ್ಯಾಲೆ 1989, 1990 ಎರಡೂ ವರ್ಷ ಯುರೋಪಿಯನ್ ಕಪ್ ಗೆದ್ದ. ನಾವು ಇಪ್ಪತ್ತೈದು ಕೇಳೂದು ಬ್ಯಾಡ, ನಲವತ್ತರೊಳಗ ಇದ್ರೂ ನಾ ಗಂಗಾಳ ಬಡೀತೀನಿ.

ಫಸ್ಟ್ ಹಾಫ್‌ನಾಗ ಇದು ತಕ್ಕಮಟ್ಟಿಗೆ ಇರ್ತೈತಿ. ಒಂದು ಗೋಲ್ ಹೊಡದ್ವಿ ಅನ್ರಿ, ಅಲ್ಲಿಂದ ಶುರು. ಡಿಫೆನ್ಸ್‌ನವ್ರಿಗೆ ಗೋಲ್ ಉಳಿಸ್ಕೋಬೇಕು ಅನ್ನೋ ಭಯ, ಯಾರೂ ಹೇಳದ ಐದೈದು ಹೆಜ್ಜಿ ಹಿಂದ ಸರದು ಸರದು ಪೆನಾಲ್ಟಿ ಬಾಕ್ಸ್ ಮುಟ್ತಾರ. ಮುಂದಿನ ಇಬ್ರಿಗೆ ಇನ್ನೊಂದು ಗೋಲಿನ ಆಸೆ, ಅವ್ರು ಸೆಂಟರ್ ಲೈನ್ ದಾಟಿ ಎದುರಿನವರ ಹಾಫ್ ನಡುವ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತಿರ್ತಾರ. ಮದುವಿ ಮೆರವಣಿಗಿ ಇರ್ತೈತಲ್ಲ, ಮುಂದಿನವ್ರು ಗುಡಿ ಮುಟ್ಟಿದ್ರೂ ಹಿಂದಿನವ್ರು ಇನ್ನೂ ಚಹಾದಂಗಡಿ ಮುಂದ ನಿಂತಿರ್ತಾರ, ಹಂಗ ಆಗ್ತೈತಿ ಟೀಮು. ನಡುವಿನ ಜಾಗಾ ಅರವತ್ತು ಮೀಟರ್ ಆಗ್ತೈತಿ, ಅದನ್ನ ಇಬ್ರು ಮಿಡ್‌ಫೀಲ್ಡರ್‌ಗೋಳು ಮುಚ್ಚಬೇಕು. ಹದಿನೈದು ಮೀಟರ್ ಓಡಿದ್ರ ಮುಗೀತಿದ್ದ ಕೆಲಸಕ್ಕ ಮೂವತ್ತು ಮೀಟರ್ ಓಡ್ತಾರ, ಮತ್ತ ವಾಪಸ್ ಮೂವತ್ತು. ಎಪ್ಪತ್ತನೇ ನಿಮಿಷಕ್ಕ ಆ ಇಬ್ರೂ ಮೊಣಕಾಲ ಮ್ಯಾಲೆ ಕೈ ಊರಿ ಬಗ್ಗಿ ನಿಂತಾಗ ಗ್ಯಾಲರಿಯೊಳಗಿಂದ ಯಾರರೆ ಒದರ್ತಾರ, ‘ಸ್ಟಾಮಿನಾ ಇಲ್ಲಲೇ!’ ದಣಿವು ಖರೇ ಐತಿ, ಆದ್ರ ಅದು ಕಾರಣ ಅಲ್ಲ, ಪರಿಣಾಮ. ಇದರ ಸಂಬಂಧ ಮುಂಜಾನೆ ಗ್ರೌಂಡಿನ ಸುತ್ತ ಇನ್ನೂ ಐದು ರೌಂಡ್ ಹೆಚ್ಚಿಗಿ ಓಡಿಸಿದ್ರ ಏನೂ ಆಗೂದಿಲ್ಲ.

ಹೋದ ಸೀಸನ್ ನಾವು ಹೊರಗ ಬಿದ್ದ ಮ್ಯಾಚಿನ ಎರಡನೇ ಗೋಲ್ ಹೇಳ್ತೀನಿ, ಒಂದು ಹುಡುಗನ ಮೊಬೈಲಿನಾಗ ವಿಡಿಯೋ ಐತಿ, ನಿಲ್ಲಿಸಿ ನಿಲ್ಲಿಸಿ ನೋಡೀವಿ. ಅವರ ಕೀಪರ್ ಗೋಲ್ ಕಿಕ್ ಉದ್ದಕ್ಕ ಹೊಡದ. ನಮ್ಮ ಸೆಂಟರ್ ಬ್ಯಾಕ್ ಛಲೋ ಜಿಗದು ಹೆಡ್ ಮಾಡ್ದ, ಬಾಲ್ ಹದಿನೈದಿಪ್ಪತ್ತು ಮೀಟರ್ ಮುಂದ ಬಿತ್ತು. ಬಿದ್ದ ಜಾಗಾದಾಗ ನಮ್ಮವ್ರು ಯಾರೂ ಇಲ್ಲ! ಒಬ್ಬ ಮಿಡ್‌ಫೀಲ್ಡರ್ ಬಲಕ್ಕ ಥ್ರೋ ಲೈನ್ ಹತ್ರ, ಇನ್ನೊಬ್ಬ ಹಿಂದಿನ ಮೂವ್‌ನಾಗ ಮುಂದ ಹೋದವ ಇನ್ನೂ ನಡ್ಕೊಂತ ಬರಾಕತ್ತಾನ. ಅವರ ಎಂಟ್ ನಂಬರಿನವ ಎದಿ ಮ್ಯಾಲೆ ತಗೊಂಡ, ಎರಡು ಹೆಜ್ಜಿ ಹಾಕಿದ, ಪೆನಾಲ್ಟಿ ಬಾಕ್ಸ್ ಮುಂದಿನ ಕಮಾನಿನ ಗೆರಿ, ಡಿ ಅಂತೀವಲ್ಲ, ಅದರ ಹತ್ರಿಂದ ಗೋಲಿನ ಕೆಳಗ ಮೂಲ್ಯಾಗ ಹೊಡದ. ಮ್ಯಾಚ್ ಮುಗದಮ್ಯಾಲೆ ಎಲ್ಲಾರೂ ಸೇರಿ ಬೈದದ್ದು ಯಾರಿಗೆ? ಆ ಸೆಂಟರ್ ಬ್ಯಾಕಿಗೆ. ಪಾಪ ಇಡೀ ಮೂವ್‌ನಾಗ ತನ್ನ ಕೆಲಸ ಸರಿಯಾಗಿ ಮಾಡಿದವ ಅವ ಒಬ್ಬನ. ಸೆಕೆಂಡ್ ಬಾಲ್ ಅಂತೀವಲ್ಲ, ಹೆಡ್ ಆದಮ್ಯಾಲೆ, ಟ್ಯಾಕಲ್ ಆದಮ್ಯಾಲೆ ಅತ್ತಿತ್ತ ಬೀಳೋ ಬಾಲು, ಅದು ಸಿಗೋದು ಹತ್ರ ಇದ್ದವ್ರಿಗೆ ಅಷ್ಟ, ಎಷ್ಟ ಜೋರಾಗಿ ಓಡಿದ್ರೂ ದೂರ ಇದ್ದವ್ರಿಗೆ ಸಿಗೂದಿಲ್ಲ.

ಈ ರೂಢಿ ಎಲ್ಲಿಂದ ಬಂತು ಅಂದ್ರ ನನಗ ಕಾಣೂದು ಟರ್ಫ್, ಪ್ಲಾಸ್ಟಿಕ್ ಹುಲ್ಲು ಹಾಸಿದ ಬಾಡಿಗಿ ಸಣ್ಣ ಗ್ರೌಂಡು. ಬೈಬ್ಯಾಡ್ರಿ, ಟರ್ಫ್ ಬಂದದ್ದು ಛಲೋನ ಆತು, ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಗಾವಿ ಮಳಿಯೊಳಗ ಮಣ್ಣಿನ ಗ್ರೌಂಡ್ ಕೆಸರುಗದ್ದಿ ಆದಾಗ ಹುಡುಗ್ರು ರಾತ್ರಿ ಲೈಟಿನಾಗ ರೊಕ್ಕ ಕೂಡಿಸಿ ತಾಸಿನ ಬಾಡಿಗಿ ಕೊಟ್ಟು ಆಡ್ತಾರ, ಆಡಲಿ. ಕಾಲಾಗ ಬಾಲ್ ನಿಲ್ಲಿಸೂದು, ಸಣ್ಣ ಜಾಗಾದಾಗ ತಿರುಗೂದು, ಇದರಾಗ ಇವತ್ತಿನ ಹುಡುಗ್ರು ನಮ್ಮ ಕಾಲದವ್ರಕಿಂತ ಎಷ್ಟೋ ಪಾಲು ಶಾಣ್ಯಾ ಅದಾರ. ಆದ್ರ ಅಲ್ಲಿ ಆಫ್‌ಸೈಡ್ ಇಲ್ಲ, ಅಂದ್ರ ಪಾಸ್ ತಗೊಳ್ಳಾಕ ಎದುರಿನ ಡಿಫೆಂಡರ್‌ಗೋಳ ಹಿಂದ ಹೋಗಿ ನಿಲ್ಲಬಾರದು ಅನ್ನೋ ರೂಲ್ ಇಲ್ಲ, ಹಂಗಾಗಿ ಸ್ಟ್ರೈಕರ್ ಎದುರಿನವರ ಗೋಲ್ ಮುಂದ ಮನಿ ಮಾಡ್ಕೊಂಡು ನಿಲ್ತಾನ. ಸುತ್ತ ನೆಟ್ ಐತಿ, ಬಾಲ್ ಹೊರಗ ಹೋಗೂದಿಲ್ಲ, ಥ್ರೋ ಇಲ್ಲ, ಹೆಡರ್ ಅಂತೂ ಇಲ್ಲವ ಇಲ್ಲ. ಬಾಲ್ ಕಳಕೊಂಡ್ರ ನಾಕು ಹೆಜ್ಜಿ ಹಾಕಿದ್ರ ನಿಮ್ಮ ಗೋಲ್ ಮುಂದ ಇರ್ತೀರಿ, ಅದಕ್ಕ ತಿರುಗಿ ಓಡೋ ಅಭ್ಯಾಸ ಆಗೂದಿಲ್ಲ. ಏಳು ಮಂದಿ ಟೂರ್ನಮೆಂಟ್ ಕಥಿನೂ ಹಿಂಗ. ವರ್ಷದಾಗ ಹತ್ತು ತಿಂಗಳು ಇದನ್ನ ಆಡಿ, ಯುನಿವರ್ಸಿಟಿ ಟೂರ್ನಮೆಂಟಿಗೆ ಬಂದು ಏಕದಂ ದೊಡ್ಡ ಗ್ರೌಂಡಿನಾಗ ಹನ್ನೊಂದು ಮಂದಿ ಆಡ್ರಿ ಅಂದ್ರ ಹುಡುಗ್ರು ಮೊದಲ ಅರ್ಧ ತಾಸು ಉತ್ಸಾಹದ ಮ್ಯಾಲೆ ಆಡ್ತಾರ, ಆಮ್ಯಾಲೆ ರೂಢಿ ಎದ್ದು ಕುಂದರ್ತೈತಿ.

ದೊಡ್ಡ ಗ್ರೌಂಡ್ ಸಿಗೂದು ಇನ್ನೊಂದು ಕಥಿ. ಟಿಳಕವಾಡಿಯ ಲೇಲೆ ಮೈದಾನ ಆಗಲಿ ಬ್ಯಾರೆ ಯಾವುದರೆ ಆಗಲಿ, ಮಳಿ ನಿಂತ ಮರುದಿನ ಅಲ್ಲಿ ಕ್ರಿಕೆಟ್ ಸ್ಟಂಪ್ ನೆಟ್ಟಿರ್ತಾರ. ಇತ್ತಕಡೆ ಇಂಟರ್ನಲ್ಸ್, ಸೆಮಿಸ್ಟರ್ ಎಕ್ಸಾಮು, ಅಸೈನ್‌ಮೆಂಟ್, ಹಾಜರಿ. ಟೂರ್ನಮೆಂಟ್ ಡೇಟ್ ಬಂದಮ್ಯಾಲೆ ಟೀಮ್ ಸೆಲೆಕ್ಷನ್ ಮಾಡೂದು ನಮ್ಮ ಕಡೆ ಎಷ್ಟೋ ಕಾಲೇಜಿನಾಗ ನಡದು ಬಂದ ಪದ್ಧತಿ, ಎರಡು ವಾರದಾಗ ಹುಡುಗ್ರಿಗೆ ಒಬ್ರ ಹೆಸರು ಒಬ್ರಿಗೆ ಗೊತ್ತಾದ್ರ ದೊಡ್ಡದು. ಚೋರ್ಲಾ ಘಾಟ್ ಇಳದ್ರ ಗೋವಾ, ಅಲ್ಲಿ ಹುಡುಗ್ರು ಸಣ್ಣವ್ರಿದ್ದಾಗಿಂದ ಹಳ್ಳಿ ಹಳ್ಳಿಯೊಳಗ ಪೂರಾ ಗ್ರೌಂಡಿನಾಗ ಆಡ್ತಾರ. ಅಲ್ಲಿಯವ್ರ ಜೋಡಿ ಪ್ರಾಕ್ಟೀಸ್ ಮ್ಯಾಚ್ ಆಡಿದಾಗೆಲ್ಲ ಡ್ರಿಬ್ಲಿಂಗ್‌ನಾಗ ನಮ್ಮವ್ರು ಕಡಿಮಿ ಬೀಳೂದಿಲ್ಲ, ನಿಲ್ಲೋ ಜಾಗಾದಾಗ ಸೋಲ್ತಾರ.

ಇನ್ನ ಕಾರ್ನರ್. ನಮ್ಮ ಮ್ಯಾಲೆ ಕಾರ್ನರ್ ಸಿಕ್ತು ಅಂದ್ರ ನನ್ನ ಎದಿ ಢವಢವ. ಕಾರ್ನರ್, ಫ್ರೀ ಕಿಕ್ ಅಂದ್ರ ಸಣ್ಣ ವಿಷಯ ಅಲ್ಲ, 2018ರ ರಷ್ಯಾ ವರ್ಲ್ಡ್ ಕಪ್‌ನಾಗ ಆದ 169 ಗೋಲಿನಾಗ ಪೆನಾಲ್ಟಿ ಹಿಡ್ಕೊಂಡು 70ಕ್ಕಿಂತ ಹೆಚ್ಚು ಗೋಲ್ ಸೆಟ್ ಪೀಸಿಂದ, ಅಂದ್ರ ಇಂಥಾ ಆಟ ನಿಂತು ಮತ್ತ ಶುರು ಆಗೋ ಹೊಡತದಿಂದ ಬಂದಾವು. ಅಂಥಾ ಟೀಮ್‌ಗೋಳ ಕಥಿ ಅದು ಇದ್ದಮ್ಯಾಲೆ ನಮ್ಮದೇನು. ನಮ್ಮ ಹುಡುಗ್ರು ಏನ್ ಮಾಡ್ತಾರಂದ್ರ ಒಬ್ಬೊಬ್ರು ಒಬ್ಬೊಬ್ರನ್ನ ಹಿಡ್ಕೊಂಡು ನಿಲ್ತಾರ, ಕಣ್ಣೆಲ್ಲ ಬಾಲ್ ಮ್ಯಾಲೆ, ಕಿಕ್ ಹೊಡದ ಕ್ಷಣಕ್ಕ ಎದುರಿನವ ಜಾರ್ಕೊಂಡು ಹೋಗಿರ್ತಾನ. ಮತ್ತ ಆರು ಅಡಿ ಎತ್ತರದ ಹುಡುಗನ್ನ ದೂರದ ಪೋಸ್ಟಿಗೆ ನಿಲ್ಲಿಸ್ತಾರ, ನೋಡಾಕ ಗಟ್ಟಿ ಕಾಣ್ತೈತಿ ಖರೇ, ಆದ್ರ ನಮ್ಮ ಲೆವೆಲ್ಲಿನಾಗ ಕಾರ್ನರ್ ಹೊಡಿಯೋರು ದೂರದ ಪೋಸ್ಟ್ ಮುಟ್ಟಿಸೂದು ಅಪರೂಪ, ಬಹುತೇಕ ಬಾಲು ಹತ್ರದ ಪೋಸ್ಟಿನ ಮುಂದ, ಸಣ್ಣ ಬಾಕ್ಸಿನ ಮೂಲ್ಯಾಗ ಬೀಳ್ತಾವು. ಈ ವರ್ಷ ನಮ್ಮ ಗಟ್ಟಿ ಹೆಡರ್ ಅಲ್ಲೇ ನಿಲ್ತಾನ, ಗೋಲ್ ಮುಂದಿನ ಮೂರು ಜಾಗಾ ಮೂರು ಮಂದಿ ಕಾಯ್ತಾರ, ಯಾರ ಹಿಂದೂ ಓಡಂಗಿಲ್ಲ. ಒಬ್ಬ ಡಿ ಹತ್ರ ನಿಲ್ತಾನ, ಹೊರಗ ಬಂದ ಬಾಲ್ ಅವನದು.

ಇದರ ಜೋಡಿ ಹೊಸಾ ರೂಲ್ ಒಂದು ಬಂದೈತಿ. 2025ರ ಜುಲೈನಿಂದ ಕೀಪರ್ ಕೈಯಾಗ ಬಾಲ್ ಎಂಟು ಸೆಕೆಂಡಿಗಿಂತ ಹೆಚ್ಚು ಹೊತ್ತು ಇಟ್ಕೊಂಡ್ರ ಎದುರಿನವ್ರಿಗೆ ಕಾರ್ನರ್. ಮೊದಲು ಆರು ಸೆಕೆಂಡು, ಇನ್‌ಡೈರೆಕ್ಟ್ ಫ್ರೀ ಕಿಕ್ ಅಂತ ಇತ್ತು, ಯಾವ ರೆಫರಿನೂ ಕೊಡ್ತಿರಲಿಲ್ಲ ಬಿಡ್ರಿ. ಈಗ ಕಡೀ ಐದು ಸೆಕೆಂಡು ರೆಫರಿ ಕೈ ಎತ್ತಿ ಬೆರಳಿಲೆ ಎಣಿಸ್ತಾನ. ಮುಂದ ಇದ್ದಾಗ ಬಾಲ್ ಅಪ್ಕೊಂಡು ನೆಲಕ್ಕ ಮಲಗೋ ಚಟ ನಮ್ಮ ಕೀಪರ್‌ಗೋಳಿಗೆ ಮೊದಲಿಂದ ಐತಿ, ಸುಮ್ಮನ ಕಾರ್ನರ್ ಕೊಟ್ಟು ಕುಂದರೂದು ಬ್ಯಾಡ ಅಂತ ಪ್ರಾಕ್ಟೀಸಿನಾಗ ನಾನ ಜೋರಾಗಿ ಎಣಿಸಾಕತ್ತೀನಿ.

ಗ್ರೌಂಡಿನಾಗ ಮಾತಾಡೂದಿಲ್ಲ ನಮ್ಮ ಹುಡುಗ್ರು, ಇದೊಂದು ದೊಡ್ಡ ಬ್ಯಾನಿ. ಹಾಸ್ಟೆಲಿನಾಗ ರಾತ್ರಿ ಎರಡರ ತನಕ ಹರಟಿ ಹೊಡಿಯೋ ಮಂದಿ ಮ್ಯಾಚಿನಾಗ ಬಾಯಿಗೆ ಬೀಗ ಹಾಕ್ಕೊಂಡಿರ್ತಾರ, ಬಾಲ್ ಹೋದಮ್ಯಾಲೆ ಅಷ್ಟ ಬೈದಾಡ್ತಾರ. ಕನ್ನಡದಾಗ ಒದರ್ತೀರೋ ಮರಾಠಿಯೊಳಗೋ ಹಿಂದಿಯೊಳಗೋ ನನಗ ಸಂಬಂಧ ಇಲ್ಲ, ಹಿಂದ ಒಬ್ಬ ಬರಾಕತ್ತಾನ ಅಂತ ಬಾಲ್ ಬರೋಕಿಂತ ಮೊದಲ ಹೇಳ್ರಿ.

ಹ್ಯಾಮ್‌ಸ್ಟ್ರಿಂಗ್ ಹಿಡಿಯೂದರ ಬಗ್ಗೆ ಒಂದು ಮಾತು. ಪ್ರತಿ ವರ್ಷ ಟೂರ್ನಮೆಂಟ್ ಮೊದಲ ದಿನ ಒಬ್ಬ ತೊಡಿ ಹಿಂದ ಕೈ ಹಿಡ್ಕೊಂಡು ಕುಂತಿರ್ತಾನ. ಮುಂಜಾನೆ ಖಾಲಿ ಹೊಟ್ಟೀಲೆ ಬಂದು, ಎರಡು ರೌಂಡ್ ಓಡಿ, ನಿಂತಲ್ಲೇ ಕಾಲು ಜಗ್ಗಿ ಸ್ಟ್ರೆಚ್ ಮಾಡಿ, ಸೀದಾ ಶಾಟ್ ಹೊಡಿಯಾಕ ನಿಲ್ಲೂದು. ಅದರ ಬದ್ಲಿ ಫಿಫಾದ 11+ ವಾರ್ಮ್ ಅಪ್ ಮಾಡ್ರಿ, ಹದಿನೈದು ಎಕ್ಸರ್‌ಸೈಜ್, ಇಪ್ಪತ್ತು ನಿಮಿಷ, ಬಾಲು, ಕೋನು ಬಿಟ್ರ ಹೆಚ್ಚಿನ ಸಾಮಾನು ಬೇಕಿಲ್ಲ. ಮೊದಲು ಸಾವಕಾಶ ಓಟ, ನಡುವ ಹತ್ತು ನಿಮಿಷ ತಾಕತ್ತು ಮತ್ತು ಬ್ಯಾಲೆನ್ಸಿನ ಕೆಲಸ, ಕಡೀಕ ಜೋರ್ ಓಟ. ಅದರಾಗ ಮೊಣಕಾಲೂರಿ ಕುಂತು, ಹಿಂದ ಜೋಡಿಗ್ಯಾ ಹಿಮ್ಮಡಿ ಹಿಡ್ಕೊಂಡಿದ್ದಾಗ ಸಾವಕಾಶ ಮುಂದ ಬಗ್ಗೋ ಒಂದು ಎಕ್ಸರ್‌ಸೈಜ್ ಐತಿ, ನಾರ್ಡಿಕ್ ಅಂತಾರ, ಹುಡುಗ್ರಿಗೆ ಕಂಡ್ರ ಆಗೂದಿಲ್ಲ, ಮರುದಿನ ಮೆಟ್ಲ ಇಳಿಯಾಕ ಬರೂದಿಲ್ಲ ಅಂತ ಅಳ್ತಾರ. ಹ್ಯಾಮ್‌ಸ್ಟ್ರಿಂಗಿಗೆ ಅದಕ್ಕಿಂತ ಛಲೋ ಔಷಧ ನಾ ನೋಡಿಲ್ಲ. ಮತ್ತ ಬರೋಕಿಂತ ಮೊದಲ ಎರಡು ಬಾಳಿಹಣ್ಣರೆ ತಿಂದು ಬರ್ರಿ ಮಾರಾಯ್ರ.

ಮೂಲ ರೋಗಕ್ಕ ಈ ಸಲ ಏನ್ ಮಾಡಾಕತ್ತೀವಿ ಅಂದ್ರ, ವಾರದಾಗ ಎರಡು ದಿನ ಬಾಲ್ ಇಲ್ಲದ ಪ್ರಾಕ್ಟೀಸ್. ಸಾಕಿ ಮಾಡಿಸ್ತಿದ್ದದ್ದೂ ಇದನ್ನ. ಹನ್ನೊಂದು ಮಂದಿ ತಮ್ಮ ಜಾಗಾದಾಗ ನಿಲ್ತಾರ, ಬಾಲ್ ಎಲ್ಲೈತಿ ಅಂತ ನಾ ಒದರ್ತೀನಿ, ಬಲಗಡಿ ಅಂದ್ರ ಇಡೀ ಟೀಮ್ ಬಲಕ್ಕ, ಎದುರಿನವ್ರು ಬಾಲ್ ತಮ್ಮ ಹಿಂದಕ್ಕ ಕೊಟ್ರು ಅಂದ್ರ ಇಡೀ ಟೀಮ್ ಮುಂದ. ಡಿಫೆನ್ಸಿನ ನಾಕು ಮಂದಿ ಸೊಂಟಕ್ಕ ಒಂದು ಉದ್ದನ ಹಗ್ಗ ಕಟ್ಟೀವಿ, ಒಬ್ಬ ಸರಿಯೂದು ತಡ ಮಾಡಿದ್ರ ಪಕ್ಕದವ ಜಗ್ತಾನ, ನೋಡೋರಿಗೆ ನಗು ಬರ್ತೈತಿ, ಹುಡುಗೀರು ನಿಂತು ವಿಡಿಯೋ ಮಾಡ್ತಾರಂತ ಮೊದಲ ದಿನ ನಮ್ಮ ಕ್ಯಾಪ್ಟನ್ ಹಗ್ಗ ಕಟ್ಕೊಳ್ಳಾಕ ಒಲ್ಲೆ ಅಂದಿದ್ದ. ಸ್ಟ್ರೈಕರ್‌ಗೆ ನಿನ್ನ ಗೋಲ್ ತನಕ ವಾಪಸ್ ಬಾ ಅಂತ ನಾ ಕೇಳೂದಿಲ್ಲ, ಬಾಲ್ ಕಳಕೊಂಡ ಕೂಡ್ಲೆ ಹತ್ತು ಹೆಜ್ಜಿ ಹಿಂದ ಬಂದು ಅವರ ಡಿಫೆಂಡರ್ ನಡುವ ಪಾಸ್ ಕೊಡೋ ದಾರಿ ಮುಚ್ಚಿದ್ರ ಸಾಕು.

‘ಸರ್, ಹತ್ತು ಹೆಜ್ಜಿ ಹಿಂದ ಬಂದ್ರ ಕೌಂಟರ್ ಅಟ್ಯಾಕ್ ಹೊಡಿಯಾಕ ನಾ ಎಲ್ಲಿರ್ಲಿರೀ?’ ಅಂದ ನಮ್ಮ ಸ್ಟ್ರೈಕರ್.

‘ತಮ್ಮಾ, ಬಾಲ್ ನಮ್ಮ ಕೈಗೆ ಬಂದ್ರ ಅಲ್ಲೇನು ಕೌಂಟರು? ಮೊದಲ ಬಾಲ್ ತರೂದು ನೋಡು.’

ಒಪ್ಪಿಲ್ಲ ಅವ ಇನ್ನೂ. ಮಾಡ್ತಾನ, ಮಾರಿ ಗಂಟು ಹಾಕ್ಕೊಂಡು ಮಾಡ್ತಾನ.

ಆಸೆ ಏನು ಅಂತ ಕೇಳಿದ್ರ, ಐತಿ. ಖಾನಾಪುರ ಕಡೆಯವ ನಮ್ಮ ಕೀಪರ್ ಇದು ಮೂರನೇ ವರ್ಷ, ಕ್ರಾಸ್ ಬಂದ್ರ ಲೈನ್ ಬಿಟ್ಟು ಹೊರಗ ಬರೋ ಧೈರ್ಯ ಈಗ ಬಂದೈತಿ. ಮಿಡ್‌ಫೀಲ್ಡ್ ಇಬ್ರೂ ಹೋದ ವರ್ಷದವ್ರ, ಸೋತ ಮ್ಯಾಚಿನ ವಿಡಿಯೋ ನನಗಿಂತ ಹೆಚ್ಚು ನೋಡ್ಯಾರ. 2023ರ ಮಾರ್ಚಿನಾಗ ರಿಯಾದ್‌ನಾಗ ಮೇಘಾಲಯದ ಮ್ಯಾಲೆ 3-2 ಗೆದ್ದು ಕರ್ನಾಟಕ 54 ವರ್ಷ ಆದಮ್ಯಾಲೆ ರಾಜ್ಯಗೋಳ ಟೀಮ್ ಆಡೋ ಸಂತೋಷ್ ಟ್ರೋಫಿ ತಂದಾಗಿಂದ ಹುಡುಗ್ರಿಗೂ ಫುಟ್‌ಬಾಲ್ ಅಂದ್ರ ಬರೇ ಬಂಗಾಳ, ಕೇರಳ, ಗೋವಾದವ್ರ ಆಟ ಅನ್ನೋ ಭಾವನೆ ಕಡಿಮಿ ಆಗೇತಿ. ಕಪ್ ಗೆಲ್ತೀವಿ ಅಂತ ನಾ ಹೇಳೂದಿಲ್ಲ, ಸೆಮಿಫೈನಲ್ ಮುಟ್ಟೋ ತಾಕತ್ತು ಐತಿ, ಅದೂ ಗ್ರೌಂಡ್ ಇನ್ನೊಂದು ತಿಂಗಳು ಸರಿಯಾಗಿ ಸಿಕ್ರ. ಇಬ್ರು ಮೂವರು ಹುಡುಗ್ರು ಯುನಿವರ್ಸಿಟಿ ಟೀಮಿಗೆ ಸೆಲೆಕ್ಟ್ ಆಗಿ ದಕ್ಷಿಣದ ಯುನಿವರ್ಸಿಟಿಗೋಳ ಸೌತ್ ಝೋನ್ ಟೂರ್ನಮೆಂಟ್ ಆಡಿದ್ರ ನನಗ ಅದು ಕಪ್‌ಗಿಂತ ಹೆಚ್ಚು.

ಒಂದ ಜಾಗಾ ಖಾಲಿ ಉಳದೈತಿ, ಲೆಫ್ಟ್ ಬ್ಯಾಕ್. ಈಗ ಬಲಗಾಲಿನವನ್ನ ಆಡಿಸಾಕತ್ತೀನಿ, ಪ್ರತಿ ಸಲ ಬಾಲ್ ಒಳಗ ತಿರುಗಿಸಿ ಸಿಕ್ಕೊಂಬೀಳ್ತಾನ. ಬಿಕಾಂ ಆಗಲಿ ಬಿಎಸ್‌ಸಿ ಆಗಲಿ, ಎಡಗಾಲಿಲೆ ಒದಿಯೋ ಹುಡುಗ ನಿಮ್ಮ ಕ್ಲಾಸಿನಾಗ ಇದ್ರ ಮುಂಜಾನೆ ಆರಕ್ಕ ಗ್ರೌಂಡಿಗೆ ಕಳಿಸ್ರಿ, ಬೂಟು ನಾ ಕೊಡಿಸ್ತೀನಿ.